ಖಾಲಿ ಬೆಂಚು

ಜನವರಿ 14, ಮಂಗಳವಾರ. ಷೇರು: 42

ಲಾಭಾಂಶದ ಬದಲು ಈ ಡೈರಿ ಬಂದಿದೆ. ದಪ್ಪ ರಟ್ಟು, ಚಿನ್ನದ ಬಣ್ಣದಲ್ಲಿ ಕಂಪನಿಯ ಹೆಸರು, ಪ್ರತಿ ಪುಟದ ಕೆಳಗೂ ಒಂದು ಬುದ್ಧಿಮಾತು. ಇವತ್ತಿನ ಪುಟದಲ್ಲಿ ದೊಡ್ಡ ಕನಸು ಕಾಣಿರಿ ಎಂದಿದೆ. ಕಂಡದ್ದಕ್ಕೇ ಈ ಗತಿ ಬಂದದ್ದು ಮಹಾರಾಯರೇ! ನೂರಕ್ಕೆ ಕೊಂಡ ಷೇರು ನಲವತ್ತೆರಡಕ್ಕೆ ಇಳಿದು ಕೂತಿದೆ.

ಬಿಸಾಡೋಣ ಎಂದುಕೊಂಡೆ, ಆದರೆ ಕಾಗದ ಚೆನ್ನಾಗಿದೆ. ಅಂಗಡಿಯಲ್ಲಿ ಬಾಯಿಗೆ ಬಂದಂತೆ ಬೈದರೆ ಗಿರಾಕಿಗಳು ಓಡಿಹೋಗುತ್ತಾರೆ. ಇಲ್ಲಿ ಬೈದುಕೊಳ್ಳೋಣ.

ಐವತ್ತು ವರ್ಷದಿಂದ ನಾನು ತೂಕದ ಯಂತ್ರ ರಿಪೇರಿ ಮಾಡುತ್ತಿದ್ದೇನೆ. ಅಪ್ಪನ ಅಂಗಡಿ, ಅಪ್ಪನ ಬೆಂಚು. ಬರುತ್ತಿದ್ದ ಯಂತ್ರಗಳಲ್ಲಿ ಅರ್ಧಕ್ಕರ್ಧ ಈ ಕಂಪನಿಯವೇ. ನಾಲ್ಕೂವರೆ ವರ್ಷದ ಹಿಂದೆ ಅವರು ಹೊಸ ಬಿಳಿ ಮಾಡೆಲ್ ತಂದರು. ಫೋನಿಗೆ ಲೆಕ್ಕ ಕಳಿಸುತ್ತದೆ, ತೂಕವನ್ನು ಬಾಯಿಬಿಟ್ಟು ಹೇಳುತ್ತದೆ, ಅದೂ ಇದೂ. ತಿಂಗಳುಗಟ್ಟಲೆ ಕಾದರೂ ಒಂದೇ ಒಂದು ಬಿಳಿ ಯಂತ್ರ ನನ್ನ ಬೆಂಚಿಗೆ ಬರಲಿಲ್ಲ. ಅಬ್ಬಾ, ಕೆಡುವುದೇ ಇಲ್ಲವಲ್ಲ, ನನ್ನ ಹೊಟ್ಟೆಪಾಡು ಮುಗಿಯಿತು ಎಂದು ಮೊದಲು ಹಿಡಿಶಾಪ ಹಾಕಿದೆ. ಆಮೇಲೆ ಬುದ್ಧಿ ಓಡಿಸಿದೆ. ಇಷ್ಟು ಗಟ್ಟಿ ಯಂತ್ರ ಮಾಡುವವರ ಷೇರನ್ನೇ ಕೊಂಡರೆ ಹೇಗೆ? ಇದ್ದಬದ್ದದ್ದನ್ನೆಲ್ಲ ಹಾಕಿದೆ. ತಮ್ಮನ ಕೈಯಲ್ಲೂ ಹಾಕಿಸಿದೆ.

ತಮ್ಮ ಬಸ್ ಡ್ರೈವರ್. ಮೇ ಕೊನೆಗೆ ನಿವೃತ್ತಿ. ಆಮೇಲೆ ಸ್ವಂತ ವ್ಯಾನ್ ಓಡಿಸಬೇಕೆಂದು ಇಪ್ಪತ್ತು ವರ್ಷದಿಂದ ಕೂಡಿಟ್ಟ ಹಣ ಅದು. "ಅಕ್ಕ ಹೇಳಿದ್ಮೇಲೆ ಮುಗೀತು" ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಹಾಕಿದ. ಅಪ್ಪ ಹೋದಾಗ ಅವನಿಗೆ ಒಂಬತ್ತು ವರ್ಷ. ಅವತ್ತಿನಿಂದಲೂ ಹೀಗೆಯೇ.

ಜನವರಿ 19, ಭಾನುವಾರ. ಷೇರು: ರಜೆ

ರಜೆ ಎಂದು ಗೊತ್ತಿದ್ದೂ ನಾಲ್ಕು ಸಲ ಫೋನು ತೆಗೆದು ನೋಡಿದೆ. ನನ್ನ ಕರ್ಮ.

ತಮ್ಮ ಮತ್ತು ಅವನ ಹೆಂಡತಿ ಊಟಕ್ಕೆ ಬಂದಿದ್ದರು. ಅವನು ವ್ಯಾನಿನ ಮಾತೆತ್ತಿದ. ಹನ್ನೆರಡು ಸೀಟು, ನೀಲಿ ಬಣ್ಣ, ಪರದೆ ಹಾಕಿಸಬೇಕಂತೆ. ಅವನ ಹೆಂಡತಿ ಟೈಲರ್, ಮಾತು ಕಡಿಮೆ, ನೋಟ ಜಾಸ್ತಿ. ತಟ್ಟೆ ನೋಡುತ್ತಲೇ, "ವ್ಯಾನು ಎಲ್ಲಿಂದ ಬರುತ್ತೆ, ಆಕಾಶದಿಂದ ಉದುರುತ್ತಾ?" ಎಂದಳು.

"ಅಕ್ಕ ಇದ್ದಾಳಲ್ಲ" ಎಂದ ತಮ್ಮ.

ಅವನನ್ನು ಬಿಟ್ಟು ಅವಳ ಮೇಲೆ ರೇಗಿದೆ. "ಷೇರು ಅಂದ್ರೆ ಬಟ್ಟೆ ಹೊಲಿದ ಹಾಗಲ್ಲಮ್ಮ. ತಾಳ್ಮೆ ಬೇಕು."

"ಬಟ್ಟೆ ಹೊಲಿಯೋಕೂ ಬೇಕು ಅತ್ತಿಗೆ" ಎಂದಳು. ಅಷ್ಟೇ. ಆಮೇಲೆ ಕೈ ತೊಳೆಯಲು ಎದ್ದಳು.

ಜಂಭ ನೋಡು ಅವಳದು.

ಫೆಬ್ರವರಿ 7, ಶುಕ್ರವಾರ. ಷೇರು: 47, ಸಂಜೆಗೆ 38

ಬೆಳಿಗ್ಗೆ ಸುದ್ದಿ ಬಂತು. ಕಂಪನಿಯ ಮುಖ್ಯಸ್ಥ ರಾಜೀನಾಮೆ ಕೊಟ್ಟಿದ್ದಾನೆ. ಸ್ಥಾಪಕರ ಮಗ, ಯಾವಾಗಲೂ ಸೂಟು ಹಾಕಿಕೊಂಡು ಟಿವಿಯಲ್ಲಿ ಭವಿಷ್ಯ ಹೇಳುತ್ತಿದ್ದವನು. ತೊಲಗಿದನಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಷೇರೂ ಏರಿತು. ತಮ್ಮನಿಗೆ ಫೋನು ಮಾಡಿ, "ನೋಡ್ದ್ಯಾ, ನಾನು ಹೇಳಿರ್ಲಿಲ್ವಾ" ಎಂದೆ.

ಮಧ್ಯಾಹ್ನ ಹೊಸಬರ ಹೆಸರು ಬಂತು. ನೀರಿನ ಪಂಪ್ ಮಾಡುವ ಕಂಪನಿ ನಡೆಸುತ್ತಿದ್ದ ಒಬ್ಬ ಹೆಂಗಸು. ಆಕೆಯ ಮೊದಲ ಹೇಳಿಕೆ: "ಎರಡು ವರ್ಷ ಲಾಭಾಂಶ ಕೇಳಬೇಡಿ." ಏನು ಧೈರ್ಯ! ಬಂದ ದಿನವೇ ಹೀಗೆ ಬಾಯಿಬಿಡುವವರುಂಟಾ? ಸಂಜೆಯೊಳಗೆ ಒಂಬತ್ತು ಪಾಯಿಂಟ್ ಕೆಳಗೆ. ಬೇಕರಿಯವರ ಯಂತ್ರಕ್ಕೆ ತಂತಿ ಬೆಸೆಯುತ್ತಾ ಫೋನು ನೋಡುತ್ತಿದ್ದೆ, ಬೆರಳು ಸುಟ್ಟುಕೊಂಡೆ. ಬೇಕರಿಯವರು ಪಾಪ, ಏನಾಯ್ತಮ್ಮ ಎಂದರು. ಅವರಿಗೂ ಬೈದೆ.

ಮಾರ್ಚ್ 12, ಬುಧವಾರ. ಷೇರು: 35

ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ಹಳೆಯ ಯಂತ್ರವೊಂದಕ್ಕೆ ಸ್ಪ್ರಿಂಗ್ ಬೇಕಿತ್ತು. ಗುಜರಿ ಅಂಗಡಿಗೆ ಹೋದೆ. ಅಲ್ಲಿಗೆ ಹೋಗಿ ಐದಾರು ವರ್ಷವೇ ಆಗಿತ್ತು. ಹಿಂದಿನ ಗೋಡೆಗೆ ಒರಗಿಸಿ ಬಿಳಿ ಯಂತ್ರಗಳ ರಾಶಿ. ನಮ್ಮ ಕಂಪನಿಯವೇ. ಎಣಿಸಿದೆ, ಇಪ್ಪತ್ತಮೂರು.

"ಇದೇನು, ಇಷ್ಟೊಂದು?" ಎಂದೆ.

"ಅಯ್ಯೋ, ಇದೇನ್ ಮಹಾ ಮೇಡಂ! ವಾರವಾರವೂ ಬರ್ತವೆ" ಎಂದ ಗುಜರಿಯವನು. "ಕೆಟ್ರೆ ಬಿಚ್ಚೋಕೇ ಆಗಲ್ಲ. ಸುತ್ತ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಬಿಸಾಕಿ ಬೇರೆ ಕಂಪನೀದು ತಗೋತಾರೆ ಜನ. ನಿಮ್ಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ! ಐವತ್ತು ವರ್ಷ ಯಂತ್ರದ ಹೊಟ್ಟೆ ಬಗೆದವಳಿಗೆ ಗೊತ್ತಿರಲಿಲ್ಲ. ಒಂದನ್ನು ಎತ್ತಿ ತಿರುಗಿಸಿ ನೋಡಿದೆ. ಒಂದೇ ಒಂದು ಸ್ಕ್ರೂ ಇಲ್ಲ. ಅಂಗಡಿಯವರು ಅದನ್ನು ನನ್ನ ಹತ್ತಿರ ಏಕೆ ತರಬೇಕು? ಬೆಂಚು ಖಾಲಿ ಇದ್ದದ್ದು ಯಂತ್ರ ಕೆಡಲಿಲ್ಲ ಎಂದಲ್ಲ. ಕೆಟ್ಟವೆಲ್ಲ ನೇರವಾಗಿ ಇಲ್ಲಿಗೆ ಬರುತ್ತಿದ್ದವು. ಖಾಲಿ ಬೆಂಚು ನೋಡಿ ನಾನು ಹಿಗ್ಗಿ, ತಮ್ಮನ ಇಪ್ಪತ್ತು ವರ್ಷದ ದುಡಿಮೆ ತಂದು ಸುರಿಸಿದೆ.

ಸ್ಪ್ರಿಂಗ್ ತರುವುದನ್ನೇ ಮರೆತು ಬಂದೆ.

ಮಾರ್ಚ್ 13, ಗುರುವಾರ. ಷೇರು: 35

ಯಾರಿಗೂ ಹೇಳಿಲ್ಲ.

ಮಾರ್ಚ್ 29, ಶನಿವಾರ. ಷೇರು: ನಿನ್ನೆ 33

ಷೇರುದಾರರ ವಿಶೇಷ ಸಭೆಗೆ ಹೋಗಿದ್ದೆ. ಗುಜರಿಯಿಂದ ತಂದ ಒಂದು ಬಿಳಿ ಯಂತ್ರ ಚೀಲದಲ್ಲಿತ್ತು. ಬಾಗಿಲಲ್ಲಿ ಕಾವಲಿನವನು, "ಇದೇನು ಮೇಡಂ?" ಎಂದ. "ನನ್ನ ಆಸ್ತಿ" ಎಂದೆ.

ದೊಡ್ಡ ಸಭಾಂಗಣ, ಮುಕ್ಕಾಲು ಪಾಲು ತಲೆ ನರೆತವರೇ. ಹೊಸ ಮುಖ್ಯಸ್ಥೆ ಸಣ್ಣ ಆಳು. ಸಾದಾ ಬಟ್ಟೆ, ಮಾತಿನಲ್ಲಿ ಬಣ್ಣವಿಲ್ಲ. ಮೂರು ಮಾಡೆಲ್‌ಗಳಲ್ಲಿ ಎರಡನ್ನು ನಿಲ್ಲಿಸುತ್ತೇನೆ, ಮಾರಾಟ ಇನ್ನೂ ಇಳಿಯುತ್ತದೆ, ಸುಧಾರಿಸಲು ಸಮಯ ಬೇಕು ಎಂದಳು. ನನ್ನ ಪಕ್ಕದಲ್ಲಿದ್ದ ನಿವೃತ್ತ ಪ್ರೊಫೆಸರು ಎದ್ದು ನಿಂತು, "ಎಷ್ಟು ಸಮಯ? ನಮಗೆ ಅಷ್ಟು ಆಯಸ್ಸು ಇರಬೇಕಲ್ಲ!" ಎಂದು ಕೂಗಿದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಮೂರು ವರ್ಷ ಸರ್. ಕಡಿಮೆ ಹೇಳಿದರೆ ಸುಳ್ಳಾಗುತ್ತೆ" ಎಂದಳು.

ಮೈಕು ನನ್ನ ಕೈಗೆ ಬಂತು. ವೇದಿಕೆಗೆ ಹೋಗಿ ಯಂತ್ರವನ್ನು ಆಕೆಯ ಮುಂದೆ ಇಟ್ಟೆ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು ಕೊಟ್ಟೆ. "ನಾನು ರಿಪೇರಿ ಮಾಡೋಳು. ಇದನ್ನ ಬಿಚ್ಚಿ ತೋರಿಸಿ, ಸಾಕು" ಎಂದೆ.

ಆಕೆ ಬಿಚ್ಚಲು ನೋಡಿದಳು. ನಿಜವಾಗಿ ನೋಡಿದಳು. ಮಗುಚಿ ಹಾಕಿದಳು, ಅಂಚಿಗೆ ಮೊನೆ ತೂರಿಸಿದಳು, ಎರಡು ನಿಮಿಷ ಒದ್ದಾಡಿದಳು. ಮೊನೆ ಜಾರಿ ಮೇಜಿಗೆ ಗೀರು ಬಿತ್ತು. ಇಡೀ ಸಭೆ ನೋಡುತ್ತಿತ್ತು. ಕೊನೆಗೆ, "ಆಗ್ತಿಲ್ಲ" ಎಂದಳು. ಆಮೇಲೆ ಕೇಳಿದಳು: "ನಿಮ್ಮ ಅಂಗಡಿ ಎಲ್ಲಿದೆ?"

ವಿಳಾಸ ಬರೆದುಕೊಂಡಳು. ದೊಡ್ಡವರು ಬರೆದುಕೊಳ್ಳುವುದು ಸುಲಭ.

ಏಪ್ರಿಲ್ 21, ಸೋಮವಾರ. ಷೇರು: 31

ಬಂದಳು! ಹೇಳದೆ ಕೇಳದೆ, ಒಬ್ಬಳೇ. ಗಿರಾಕಿಗಳು ಕೂರುವ ಸ್ಟೂಲಿನಲ್ಲಿ ಕೂತು ನಾಲ್ಕು ಗಂಟೆ ನನ್ನ ಕೈ ನೋಡಿದಳು. ಯಂತ್ರದ ಒಳಗೆ ನೀರು ಎಲ್ಲಿಂದ ಹೋಗುತ್ತೆ, ಇರುವೆ ಎಲ್ಲಿ ಗೂಡು ಕಟ್ಟುತ್ತೆ, ಯಾವ ತಂತಿ ಮೊದಲು ತುಂಡಾಗುತ್ತೆ, ಎಲ್ಲ ಕೇಳಿದಳು. ಮೀನು ಮಾರುವವಳು ಬಂದು, "ಹಿಟ್ಟಿನಂಗಡಿಗೆ ಮಾಡಿದ ಮೆಷಿನ್ನು ನಮ್ಗೆ ಮಾರ್ತಾರೆ, ಬುದ್ಧಿ ಬೇಡ್ವಾ ಅವ್ರಿಗೆ?" ಎಂದು ಯಾರ ಮುಂದೆ ಎನ್ನುವುದು ಗೊತ್ತಿಲ್ಲದೆ ಝಾಡಿಸಿದಳು. ಮುಖ್ಯಸ್ಥೆ ತಲೆ ತಗ್ಗಿಸಿಕೊಂಡು ಬರೆದುಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

ಹೋಗುವಾಗ ಕೇಳಿಯೇಬಿಟ್ಟೆ. "ಷೇರು ಏರುತ್ತಾ?"

"ಅದನ್ನ ನಾನು ಹೇಳೋ ಹಾಗಿಲ್ಲ. ಹೇಳೋ ಹಾಗಿದ್ರೂ ಗೊತ್ತಿಲ್ಲ" ಎಂದಳು. ಬೇರೆ ಯಾರಾದರೂ ಹೀಗೆಂದಿದ್ದರೆ ಬೈದಿರುತ್ತಿದ್ದೆ.

ಮೇ 31, ಶನಿವಾರ. ಷೇರು: ನಿನ್ನೆ 27

ತಮ್ಮನ ಕೊನೆಯ ಬಸ್ಸು. ಅವನ ಹೆಂಡತಿ ಮುಂದಿನ ಸೀಟಿನಲ್ಲಿ, ನಾನು ಅವಳ ಹಿಂದೆ. ಪ್ರತಿ ನಿಲ್ದಾಣದಲ್ಲೂ ಯಾರೋ ಒಬ್ಬರು ಅವನ ಕೈ ಕುಲುಕುತ್ತಿದ್ದರು. ಡಿಪೋದಲ್ಲಿ ಬೀಗದ ಕೈ ಒಪ್ಪಿಸಿ ಕೆಳಗಿಳಿದು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನೂ ಅತ್ತೆ.

ಅವನು ಸಹೋದ್ಯೋಗಿಗಳ ಜೊತೆಗಿದ್ದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ಷೇರು ಗಂಡ ಹೆಂಡತಿ ಇಬ್ಬರ ಹೆಸರಲ್ಲಿದೆ, ಮಾರಲು ಇಬ್ಬರ ಸಹಿಯೂ ಬೇಕು.

"ನಾನು ಸಹಿ ಹಾಕಿ ಮೂರು ತಿಂಗಳಾಯ್ತು ಅತ್ತಿಗೆ. ಆಗ ಮೂವತ್ತೆಂಟಿತ್ತು. ಅವರು ಹಾಕ್ತಿಲ್ಲ. ಮಾರಿದ್ರೆ ಅಕ್ಕನಿಗೆ ಬೇಜಾರಾಗುತ್ತಂತೆ. ನಿಮ್ಮ ಮುಖ ನೋಡ್ಕೊಂಡು ನಾವು ಮುಳುಗಬೇಕಾ?"

ಇಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಜೂನ್ 1, ಭಾನುವಾರ

ಇಬ್ಬರನ್ನೂ ಅಂಗಡಿಗೆ ಕರೆಸಿದೆ. ಬಿಳಿ ಯಂತ್ರವನ್ನು ಬೆಂಚಿನ ಮೇಲಿಟ್ಟು ಎಲ್ಲ ಹೇಳಿದೆ. "ಬೆಂಚು ಖಾಲಿ ಇತ್ತು, ಕಂಪನಿ ಚೆನ್ನಾಗಿದೆ ಅಂದ್ಕೊಂಡೆ. ಜನ ಬಿಸಾಕ್ತಿದ್ರು, ನಾನು ನೋಡ್ಲಿಲ್ಲ. ತಪ್ಪು ನಂದು. ಮಾರ್ಚಿಂದ ಗೊತ್ತಿದ್ದೂ ಹೇಳ್ಲಿಲ್ಲ, ಅದೂ ನಂದೇ."

"ಬಿಡಕ್ಕ" ಎಂದ ತಮ್ಮ. "ನಾನೇನು ಕಂಪನಿ ನೋಡಿ ಹಾಕಿದ್ನಾ? ನಿನ್ನ ನೋಡಿ ಹಾಕಿದ್ದು."

"ಅದೇ ಕಣೋ ಎಡವಟ್ಟಾಗಿದ್ದು! ನನ್ನ ಮುಖ ನೋಡಿ ಇಟ್ಕೋಬೇಡ. ನನ್ನ ಮುಖ ನೋಡಿ ಮಾರಲೂಬೇಡ. ನೀವಿಬ್ರು ಕೂತು ತೀರ್ಮಾನ ಮಾಡಿ. ಬೇಕಾದ್ರೆ ನನ್ನ ಪಾಲಿನದ್ದು ಮಾರಿ ನಿಮ್ಮ ನಷ್ಟ ಕಟ್ಟಿಕೊಡ್ತೀನಿ."

"ಅದೆಲ್ಲ ಬೇಡ" ಎಂದಳು ಅವನ ಹೆಂಡತಿ. ಯಂತ್ರವನ್ನು ತನ್ನ ಕಡೆಗೆ ಎಳೆದುಕೊಂಡು ಅಂಚಿನ ಮೇಲೆ ಉಗುರು ಓಡಿಸಿದಳು. ಆಮೇಲೆ ಕೇಳತೊಡಗಿದಳು. ಹೊಸ ಮಾಡೆಲ್ ಯಾವಾಗ? ಜುಲೈನಲ್ಲಿ ಎಂದು ಪತ್ರಿಕೆಯಲ್ಲಿ ಬಂದಿದೆ ಎಂದೆ. ಅದನ್ನಾದರೂ ಬಿಚ್ಚಬಹುದಾ? ಗೊತ್ತಿಲ್ಲ ಎಂದೆ. ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ? ಅದಕ್ಕೂ ಗೊತ್ತಿಲ್ಲ ಎಂದೆ.

"ಈಗ ಮಾರಿದ್ರೆ ವ್ಯಾನಿನ ಚಕ್ರ ಬರುತ್ತೆ ಅಷ್ಟೆ" ಎಂದಳು. "ಅಕ್ಟೋಬರ್ ಕೊನೇವರೆಗೂ ನೋಡೋಣ. ಒಂದು ದಿನ ಜಾಸ್ತಿ ಇಲ್ಲ. ಆದ್ರೆ ಫೋನ್ ನೋಡ್ತಾ ಕೂರೋದಲ್ಲ ಅತ್ತಿಗೆ. ಹೊಸ ಮೆಷಿನ್ನು ಎಲ್ಲಿ ಮಾರಾಟ ಆಗ್ತಿದೆ, ಎಲ್ಲಿ ಸಾಯ್ತಿದೆ, ನಾವೇ ಹೋಗಿ ನೋಡೋದು."

ಅಲ್ಲಿಯವರೆಗೆ ತಮ್ಮ ಶಾಲೆಯೊಂದರ ವ್ಯಾನನ್ನು ಸಂಬಳಕ್ಕೆ ಓಡಿಸುತ್ತಾನಂತೆ. ಬೇರೆಯವರ ವ್ಯಾನು.

ಜುಲೈ 9, ಬುಧವಾರ

ಹೊಸ ಮಾಡೆಲ್ ಬಂತು. ಬೂದು ಬಣ್ಣ. ಮಾತಾಡುವುದಿಲ್ಲ, ಫೋನಿಗೆ ಏನನ್ನೂ ಕಳಿಸುವುದಿಲ್ಲ, ತೂಗುತ್ತದೆ. ತಮ್ಮನ ಹೆಂಡತಿಯೂ ನಾನೂ ಮಾರಾಟದ ಅಂಗಡಿಗೆ ಹೋದೆವು. ಅಂಗಡಿಯವನು ಬೇಡ ಬೇಡ ಎನ್ನುತ್ತಿದ್ದಂತೆ ನಾನು ಅದನ್ನು ಬೋರಲು ಹಾಕಿದೆ. ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಸಾಮಾನ್ಯ ಸ್ಕ್ರೂ! ಅಂಚಿಗೆ ನೀರು ಹೋಗದಂತೆ ರಬ್ಬರ್ ಪಟ್ಟಿ. ಮುಚ್ಚಳದ ಒಳಗಡೆ ಯಾವ ತಂತಿ ಎಲ್ಲಿಗೆ ಎಂದು ಚಿತ್ರವನ್ನೇ ಅಂಟಿಸಿದ್ದಾರೆ.

ನಡುಬೀದಿಯಲ್ಲಿ ಅವಳ ಕೈ ಹಿಡಿದುಕೊಂಡು ನಿಂತುಬಿಟ್ಟೆ. "ಇನ್ನೂ ಒಂದೂ ಮಾರಾಟ ಆಗಿಲ್ಲ, ನಡೀರಿ" ಎಂದಳು. ಆದರೆ ಅವಳೂ ನಗುತ್ತಿದ್ದಳು.

ಆಗಸ್ಟ್ 18, ಸೋಮವಾರ

ಮಾರುಕಟ್ಟೆಯಲ್ಲಿ ಬೂದು ಯಂತ್ರ ಕಾಣಿಸತೊಡಗಿದೆ. ತರಕಾರಿ ಸಾಲಿನಲ್ಲಿ ಒಂಬತ್ತು, ಬೇಕರಿಗಳಲ್ಲಿ ಮೂರು, ಮೀನಿನವರಲ್ಲಿ ನಾಲ್ಕು. ನನ್ನ ಬೆಂಚಿಗೆ ಒಂದೂ ಬಂದಿಲ್ಲ.

ಇದೇ ಈಗ ತಲೆ ತಿನ್ನುತ್ತಿರುವುದು. ಖಾಲಿ ಬೆಂಚು ನೋಡಿ ಒಮ್ಮೆ ಮೋಸ ಹೋದವಳು ನಾನು. ಕೆಟ್ಟಿಲ್ಲವೋ, ಕೆಟ್ಟು ಬಿಸಾಡಿದ್ದಾರೋ? ಅದಕ್ಕೇ ಪ್ರತಿ ಸೋಮವಾರ ತಮ್ಮನ ಹೆಂಡತಿಯೂ ನಾನೂ ಗುಜರಿ ಅಂಗಡಿಗೆ ಹೋಗುತ್ತೇವೆ. ಅವಳು ಸೆರಗು ಸಿಕ್ಕಿಸಿಕೊಂಡು ರಾಶಿ ಹತ್ತುತ್ತಾಳೆ, ನಾನು ಕೆಳಗೆ ನಿಂತು ಎಣಿಸುತ್ತೇನೆ. ಗುಜರಿಯವನಿಗೆ ನಮ್ಮನ್ನು ಕಂಡರೆ ತಮಾಷೆ. "ಬಂದ್ರಪ್ಪ ಲೆಕ್ಕಪರಿಶೋಧಕರು!" ಎನ್ನುತ್ತಾನೆ. ಇವತ್ತು ಬಿಳಿ ಆರು, ಬೂದು ಸೊನ್ನೆ.

ಬರುವಾಗ ದಾರಿಯಲ್ಲಿ ಅವಳು ತನ್ನ ಹೊಲಿಗೆ ಯಂತ್ರದ ಕಥೆ ಹೇಳಿದಳು. ಅವಳೇ ಬಿಚ್ಚಿ, ಎಣ್ಣೆ ಹಾಕಿ, ಬೆಲ್ಟು ಬದಲಿಸಿ ಹದಿನೆಂಟು ವರ್ಷ ಓಡಿಸಿದ್ದಾಳೆ. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಪತ್ರಿಕೆಯಲ್ಲಿ ಯಾರೋ ಪಂಡಿತರು ಬರೆದಿದ್ದಾರೆ: ಈ ಕಂಪನಿಯ ಕಥೆ ಮುಗಿಯಿತು, ಸಿಕ್ಕಷ್ಟಕ್ಕೆ ಮಾರಿಬಿಡಿ. ತಮ್ಮ ಅದನ್ನು ಹಿಡಿದುಕೊಂಡು ಓಡಿ ಬಂದ. ನಾವು ಬೆಂಚಿನ ಮೇಲೆ ಹಳೆಯ ಯಂತ್ರವೊಂದನ್ನು ಬಿಚ್ಚಿ ಹರಡಿಕೊಂಡಿದ್ದೆವು. ನಾನು ಅವನ ಹೆಂಡತಿಗೆ ಬೆಸುಗೆ ಕಲಿಸುತ್ತಿದ್ದೆ.

"ಈ ಮನುಷ್ಯ ಗುಜರಿಗೆ ಹೋಗಿದ್ದಾನಂತಾ?" ಎಂದು ಕೇಳಿದಳು ಅವಳು, ತಲೆ ಎತ್ತದೆ.

"ಗುಜರಿಗೆ ಯಾಕೆ ಹೋಗ್ತಾನೆ?" ಎಂದ ತಮ್ಮ.

"ಹಂಗಾದ್ರೆ ಅವನಿಗೇನು ಗೊತ್ತು" ಎಂದಳು. ನಾನು ಪತ್ರಿಕೆಯನ್ನು ತೆಗೆದುಕೊಂಡು ಬೆಂಚಿನ ಮೇಲೆ ಹಾಸಿದೆ. ಎಣ್ಣೆ ಸೋರುತ್ತಿತ್ತು.

ಅವಳ ಕೈ ನನ್ನದಕ್ಕಿಂತ ನಯ. ಮೊದಲ ದಿನವೇ ತಂತಿ ಸುಡದೆ ಬೆಸೆದಳು. ನನಗೆ ಅದು ಬರಲು ಒಂದು ತಿಂಗಳು ಹಿಡಿದಿತ್ತು, ಅಪ್ಪನ ಹತ್ತಿರ ಎಷ್ಟು ಸಲ ಬೈಸಿಕೊಂಡಿದ್ದೆನೋ. ಅವಳಿಗೆ ಹಾಗೆಂದು ಹೇಳಿದೆ. ಕಿವಿಯವರೆಗೂ ಕೆಂಪಾದಳು.

ಅಕ್ಟೋಬರ್ 31, ಶುಕ್ರವಾರ

ಇವತ್ತೇ ಗಡುವು. ನಿನ್ನೆ ಕಂಪನಿಯ ಆರು ತಿಂಗಳ ಫಲಿತಾಂಶ ಬಂದಿದೆಯಂತೆ, ಓದಬೇಕೆಂದುಕೊಂಡೆ. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೀನಿನವಳು ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಬೂದು ಯಂತ್ರ.

"ಕೆಟ್ಟೋಯ್ತು ತಾಯಿ. ಕೈ ಜಾರಿ ಮಂಜುಗಡ್ಡೆ ಪೆಟ್ಟಿಗೆ ಮೇಲೆ ಬಿತ್ತು."

"ಕೆಟ್ಟೋಯ್ತಾ!" ಎಂದು ನಾನು ಕಿರುಚಿದ ರಭಸಕ್ಕೆ ಅವಳು ಹೆದರಿ ಹಿಂದೆ ಸರಿದಳು. ನನ್ನ ನಗು ನೋಡಿ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ತಮ್ಮನ ಹೆಂಡತಿಗೆ ಫೋನು ಮಾಡಿದೆ. ಹತ್ತೇ ನಿಮಿಷದಲ್ಲಿ ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು.

"ಬಿಸಾಕ್ಲಿಲ್ವಾ ನೀವು?" ಎಂದು ಮೀನಿನವಳನ್ನು ಕೇಳಿದಳು.

"ಯಾಕ್ ಬಿಸಾಕ್ಲಿ? ಸ್ಕ್ರೂ ಕಾಣ್ತಿದೆಯಲ್ಲ. ರಿಪೇರಿ ಆಗುತ್ತೆ ಅಂತ ತಾನೇ ಇದನ್ನ ತಗೊಂಡಿದ್ದು. ನಮ್ಮ ಸಾಲಲ್ಲಿ ಎಲ್ರೂ ಅದಕ್ಕೇ ತಗೊಂಡಿದ್ದು."

ನಾನು ಸ್ಕ್ರೂ ಡ್ರೈವರನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ. ನಾಲ್ಕು ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು, ಮುಚ್ಚಳ ತೆಗೆದು ಚಿತ್ರ ನೋಡಿದಳು, ತುಂಡಾದ ತಂತಿಯನ್ನು ನನಗಿಂತ ಮೊದಲು ಕಂಡುಹಿಡಿದಳು. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರುವುದು ನನಗೆ ಎಷ್ಟು ಕಷ್ಟವಾಯಿತೋ ದೇವರಿಗೇ ಗೊತ್ತು. ನಿಂತಿದ್ದೆ.

ಅಷ್ಟರಲ್ಲಿ ತಮ್ಮ ಮಾರಾಟದ ಅರ್ಜಿ ಹಿಡಿದು ಬಂದ. ಉಸಿರು ಹತ್ತುತ್ತಿತ್ತು. ಕಂಪನಿ ನಷ್ಟದಿಂದ ಹೊರಗೆ ಬಂದಿದೆಯಂತೆ, ಸ್ವಲ್ಪವೇ ಸ್ವಲ್ಪ. ಷೇರು ಐವತ್ತೆರಡಕ್ಕೆ ಹೋಗಿದೆಯಂತೆ. ಪಕ್ಕದ ಬೀದಿಯಲ್ಲಿ ಎಂಟು ಸೀಟಿನ ಹಳೆಯ ವ್ಯಾನು ಮಾರಾಟಕ್ಕಿದೆಯಂತೆ. ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಅಕ್ಕ, ಏನ್ ಮಾಡ್ಲಿ? ಇವತ್ತೇ ಕೊನೆ ದಿನ" ಎಂದು ನನ್ನ ಮುಖ ನೋಡುತ್ತಾ ನಿಂತ.

ನನಗೆ ಹೇಳಲು ಬೇಕಾದಷ್ಟಿತ್ತು. "ನನ್ನನ್ಯಾಕೋ ಕೇಳ್ತೀಯ? ಅಲ್ಲಿ ಕೂತಿದ್ದಾಳಲ್ಲ, ಅವಳನ್ನ ಕೇಳು" ಎಂದೆ.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಬೆಸುಗೆ ಮುಗಿಸಿ, ಊದಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿದಳು. ಆಮೇಲೆ ಹೇಳಿದಳು:

"ಆ ವ್ಯಾನಿಗೆ ಮುಂಗಡ ಎಷ್ಟು ಬೇಕೋ ಅಷ್ಟು ಮಾರಿ. ಬಾಕಿ ಕಂತಲ್ಲಿ ಕಟ್ಟೋಣ. ಉಳಿದ ಷೇರು ಇರ್ಲಿ. ಕಂಪನಿ ಆಯಮ್ಮ ಮೂರು ವರ್ಷ ಕೇಳಿದ್ದಾಳೆ, ಇನ್ನೂ ಒಂದೂ ಆಗಿಲ್ಲ."

"ಎಂಟೇ ಸೀಟು ಕಣೆ" ಎಂದ ತಮ್ಮ.

"ಎಂಟು ಜನ ಹತ್ತಲಿ ಮೊದಲು" ಎಂದಳು. ಅವನು ನಕ್ಕುಬಿಟ್ಟ. ಅರ್ಜಿಯನ್ನು ಬೆಂಚಿನ ಮೇಲೆಯೇ ಇಟ್ಟು ತಿದ್ದಿ ಸಹಿ ಹಾಕಿದ, ನನ್ನ ಕಡೆ ನೋಡದೆ. ವ್ಯಾನು ಬೇರೆಯವರ ಪಾಲಾಗುವ ಮೊದಲು ಹೋಗಬೇಕೆಂದು ಓಡಿದ.

ಮೀನಿನವಳು ತನ್ನ ಯಂತ್ರವನ್ನು ಅಲ್ಲೇ ಪರೀಕ್ಷೆ ಮಾಡಿದಳು. ಒಂದು ಕಿಲೋ ಬಟ್ಟು ಇಟ್ಟಳು, ಸರಿಯಾಗಿ ಒಂದು ಕಿಲೋ ತೋರಿಸಿತು. ರಿಪೇರಿಯ ದುಡ್ಡನ್ನು ನನಗೆ ಕೊಡಲು ಬಂದಳು. ತಮ್ಮನ ಹೆಂಡತಿಯ ಕಡೆ ಕೈ ತೋರಿಸಿದೆ. ಅವಳು ಬೇಡ ಅತ್ತಿಗೆ ಎಂದಳು, ಬೈದು ಕೊಡಿಸಿದೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಅತ್ತಿಗೆ, ನಾಳೆ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಾ?"

"ಒಂಬತ್ತಕ್ಕೆ."

"ಎಂಟೂವರೆಗೆ ತೆಗೀರಿ. ಮೀನಿನವರು ಬೇಗ ಬರ್ತಾರೆ" ಎಂದಳು.

ಎಂಟೂವರೆಗೆ ತೆಗೆಯಬೇಕು. ಇನ್ನೊಂದು ಸ್ಟೂಲು ತರಬೇಕು.